ಮೆಕ್ಸಿಕೋದ ಹಳ್ಳಿಗಾಡಿನಲ್ಲಿ ಕುದುರೆ ಸವಾರಿಯ ರಜೆ: ಹೊರಡುವ ಮುನ್ನ ಮತ್ತು ಜೀನೇರಿದ ಮೇಲೆ

ಮೆಕ್ಸಿಕೋ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಕಾನ್‌ಕೂನ್‌ನ ಕಡಲತೀರ, ಚಿಚೆನ್ ಇತ್ಸಾದ ಪಿರಮಿಡ್ಡು, ರಾಜಧಾನಿಯ ವಸ್ತುಸಂಗ್ರಹಾಲಯಗಳು ನೆನಪಾಗುತ್ತವೆ. ಆ ದೇಶದ ಒಳನಾಡು, ಅಂದರೆ ಮೆಕ್ಕೆಜೋಳದ ಹೊಲ, ಪಾಪಾಸುಕಳ್ಳಿಯ ಬೇಲಿ, ಒಣಹಳ್ಳ, ಪಾಳುಬಿದ್ದ ಹಸಿಯೆಂಡಾ (ಜಮೀನ್ದಾರಿ) ಬಂಗಲೆಗಳಿರುವ ಎತ್ತರದ ಪ್ರಸ್ಥಭೂಮಿ, ಬಸ್ಸಿನ ಕಿಟಕಿಯಿಂದ ಸರಿಯಾಗಿ ಕಾಣಸಿಗುವುದಿಲ್ಲ. ಅದನ್ನು ನೋಡಲು ಕುದುರೆಯ ಬೆನ್ನೇ ತಕ್ಕ ಜಾಗ. ಸಾವಿರಾರು ವರ್ಷಗಳ ಹಿಂದೆಯೇ ಅಮೆರಿಕ ಖಂಡಗಳಿಂದ ಅಳಿದುಹೋಗಿದ್ದ ಕುದುರೆ 1519ರಲ್ಲಿ ಎರ್ನಾನ್ ಕೋರ್ತೆಸ್‌ನ ಹಡಗುಗಳಲ್ಲಿ ಮತ್ತೆ ಬಂದಿಳಿಯಿತು. ಆಗ ಬಂದವು ಕೇವಲ 16. ಮುಂದೆ ದೊಡ್ಡ ದನದ ಹಿಂಡುಗಳನ್ನು ಕಾಯಲು ವಾಕೆರೋಗಳೆಂಬ ಸವಾರರ ವರ್ಗವೇ ಬೆಳೆಯಿತು; ಅಮೆರಿಕದ ಕೌಬಾಯ್‌ಗಳು ಜೀನು, ಹಗ್ಗ, ದನ ಹಿಡಿಯುವ ವಿದ್ಯೆ ಎಲ್ಲವನ್ನೂ ಕಲಿತದ್ದು ಅವರಿಂದಲೇ. ಇಂದಿಗೂ ಅನೇಕ ಹಳ್ಳಿಗಳಲ್ಲಿ ಕುದುರೆ ಅಲಂಕಾರದ ಪ್ರಾಣಿಯಾಗಿ ಉಳಿಯದೆ ದಿನನಿತ್ಯದ ಕೆಲಸಕ್ಕೆ ಒದಗುತ್ತಿದೆ.

ಕುದುರೆಯನ್ನೇ ಏರದವರು ಇಂಥ ರಜೆಗೆ ಹೋಗಬಹುದೇ ಎಂದರೆ, ಹೋಗಬಹುದು. ಆದರೆ ಊರಿನ ಆಯ್ಕೆಗೆ ಕೊಡುವ ಗಮನದ ಎರಡು ಪಟ್ಟನ್ನು ಕುದುರೆ ಒದಗಿಸುವವರ ಆಯ್ಕೆಗೆ ಕೊಡಬೇಕು. ಸಾಧಾರಣ ಜಾಗದಲ್ಲೂ ಒಳ್ಳೆಯ ಕುದುರೆ, ತಾಳ್ಮೆಯ ಮಾರ್ಗದರ್ಶಿ ಸಿಕ್ಕರೆ ರಜೆ ಸೊಗಸಾಗುತ್ತದೆ; ಎಷ್ಟೇ ಸುಂದರವಾದ ಕಣಿವೆಯಾದರೂ ಬೆನ್ನು ಹುಣ್ಣಾದ ಕುದುರೆಯ ಮೇಲೆ ಕುಳಿತು ನೋಡಿದರೆ ಮನಸ್ಸಿಗೆ ಹಿಡಿಸುವುದಿಲ್ಲ. ಈ ಬರಹದಲ್ಲಿ ಆ ಭಾಗವನ್ನು ಉದ್ದಕ್ಕೆ ಬರೆದಿರುವುದು ಅದಕ್ಕಾಗಿಯೇ.

ಮೊದಲ ಹೆಜ್ಜೆ: ಯಾವ ಬಗೆಯ ಸವಾರಿ ಎಂದು ತೀರ್ಮಾನಿಸಿ

ಸ್ಥೂಲವಾಗಿ ಮೂರು ಬಗೆಗಳಿವೆ. ಒಂದೇ ರಾಂಚೋದಲ್ಲಿ (ಕುದುರೆ, ದನ ಸಾಕುವ ತೋಟದ ಮನೆ) ತಂಗಿ, ದಿನವೂ ಬೇರೆ ಬೇರೆ ದಿಕ್ಕಿಗೆ ನಾಲ್ಕೈದು ಗಂಟೆ ಸವಾರಿ ಹೋಗಿ, ಸಂಜೆ ಅದೇ ಕೋಣೆಗೆ ಮರಳುವುದು ಮೊದಲನೆಯದು. ಊರಿಂದೂರಿಗೆ ಸಾಗುತ್ತಾ, ರಾತ್ರಿ ಡೇರೆಯಲ್ಲೋ ಹಳ್ಳಿಯ ಮನೆಯಲ್ಲೋ ತಂಗುವ ಯಾತ್ರೆ ಎರಡನೆಯದು. ಇದನ್ನು ಅಲ್ಲಿ ಕಬಲ್ಗಾತಾ ಎನ್ನುತ್ತಾರೆ. ಬೇರೆ ಪ್ರವಾಸದ ನಡುವೆ ಅರ್ಧ ದಿನ ಕುದುರೆ ಬಾಡಿಗೆಗೆ ಪಡೆಯುವುದು ಮೂರನೆಯದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ನಿಸ್ಸಂದೇಹವಾಗಿ ಮೊದಲ ಬಗೆ. ಎರಡನೆಯ ದಿನ ತೊಡೆ ಹಿಡಿದುಕೊಂಡು ನಡೆಯಲು ಕಷ್ಟವಾದರೆ, ರಾಂಚೋದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಮಲಗಬಹುದು. ಸಾಗುವ ಯಾತ್ರೆಯಲ್ಲಿ ಆ ಅವಕಾಶವಿಲ್ಲ, ಏಕೆಂದರೆ ಮುಂದಿನ ಊರು ನಿಮಗಾಗಿ ಹತ್ತಿರ ಬರುವುದಿಲ್ಲ. ಕುದುರೆ ಹೊಂದಿಕೆಯಾಗದಿದ್ದರೆ ಮರುದಿನ ಬದಲಾಯಿಸಲೂ ರಾಂಚೋದಲ್ಲಿ ಸುಲಭ. ಆರೇಳು ದಿನಗಳ ಯಾತ್ರೆಯನ್ನು, ಟ್ರಾಟ್ ಎಂಬ ಕುಲುಕು ಓಟದಲ್ಲಿ ಅಲುಗಾಡದೆ ಕೂರಲು ಬಂದ ಮೇಲೆ ಯೋಚಿಸಿದರೆ ಸಾಕು.

ಎರಡನೆಯ ಹೆಜ್ಜೆ: ಜಾಗ ಮತ್ತು ಕಾಲ

ಗ್ವಾನಾಹ್ವಾತೋ ರಾಜ್ಯದ ಸಾನ್ ಮಿಗೆಲ್ ದೆ ಆಯೆಂದೆಯ ಸುತ್ತಲಿನ ಹಳ್ಳಿಗಾಡು ಹೊಸಬರಿಗೆ ತಕ್ಕ ಪ್ರದೇಶ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದ ಈ ಊರು ರಾಜಧಾನಿಯಿಂದ ರಸ್ತೆಯಲ್ಲಿ ನಾಲ್ಕು ಗಂಟೆಗಳ ಆಸುಪಾಸಿನ ದಾರಿ; ಕೆರೆತಾರೋ ಹಾಗೂ ಲೆಓನ್ ವಿಮಾನ ನಿಲ್ದಾಣಗಳು ಇನ್ನೂ ಹತ್ತಿರ. ಊರಿನ ಹೊರಗೆ ಜಾಲಿಯಂಥ ಮೆಸ್ಕೀತೆ ಮರಗಳ ಬಯಲು, ಆಳದ ಕಣಿವೆಗಳು, ಕಲ್ಲಿನ ಪುಟ್ಟ ಪ್ರಾರ್ಥನಾ ಮಂದಿರಗಳಿರುವ ಹಳ್ಳಿಗಳು ಸಿಗುತ್ತವೆ. ಪಕ್ಕದ ಅತೊತೊನೀಲ್ಕೋ ಮಂದಿರವನ್ನೂ ಸಾನ್ ಮಿಗೆಲ್ ಪಟ್ಟಣವನ್ನೂ ಒಟ್ಟಾಗಿ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. 1810ರ ಸೆಪ್ಟೆಂಬರ್ 16ರಂದು ಸ್ವಾತಂತ್ರ್ಯ ಹೋರಾಟಕ್ಕೆ ಹೊರಟ ಪಾದ್ರಿ ಮಿಗೆಲ್ ಇದಾಲ್ಗೋ ಗ್ವಾದಲೂಪೆ ಮಾತೆಯ ಧ್ವಜವನ್ನು ಎತ್ತಿಕೊಂಡದ್ದು ಆ ಮಂದಿರದಿಂದಲೇ.

ರಾಜಧಾನಿಯ ಪಶ್ಚಿಮಕ್ಕೆ, ಎರಡೂವರೆ ಗಂಟೆಯೊಳಗೆ ತಲುಪಬಹುದಾದ ವಾಯೆ ದೆ ಬ್ರಾವೋ ಪೈನ್ ಮತ್ತು ಓಕ್ ಕಾಡಿನ ಸೀಮೆ. ಇಲ್ಲಿನ ಆಕರ್ಷಣೆ ಮೊನಾರ್ಕ್ ಚಿಟ್ಟೆ. ಕೆನಡಾ ಮತ್ತು ಅಮೆರಿಕದಿಂದ ಹಾರಿಬಂದ ಕೋಟ್ಯಂತರ ಚಿಟ್ಟೆಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಮೂರು ಸಾವಿರ ಮೀಟರ್ ಎತ್ತರದ ಓಯಮೇಲ್ ಎಂಬ ಫರ್ ಜಾತಿಯ ಮರಗಳಿಗೆ ಜೋತುಬಿದ್ದು ಚಳಿಗಾಲ ಕಳೆಯುತ್ತವೆ. ಪಿಯೆದ್ರಾ ಎರ್ರಾದಾ, ಎಲ್ ರೊಸಾರಿಯೋ, ಸಿಯೆರ್ರಾ ಚಿಂಕ್ವಾ ಮುಂತಾದ ಕಡೆ ಬೆಟ್ಟದ ಬುಡದಿಂದ ಊರಿನವರೇ ಕುದುರೆ ಕೊಡುತ್ತಾರೆ. ಚಿಟ್ಟೆಗಳಿರುವ ಕೊನೆಯ ತುಂಡು ದಾರಿಯನ್ನು ಮಾತ್ರ ನಡೆದೇ ಹೋಗಬೇಕು. ಬಿಸಿಲೇರಿದ ಮೇಲೆಯೇ ಅವು ರೆಕ್ಕೆ ಬಿಚ್ಚುವುದರಿಂದ ಜನವರಿ ಕೊನೆಯಿಂದ ಫೆಬ್ರವರಿಯ ಅಂತ್ಯದ ಒಳಗಿನ ಯಾವುದಾದರೂ ನಿರಭ್ರ ದಿನವನ್ನು, ಅದರಲ್ಲೂ ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಲೇಸು.

ಸಾನ್ ಲೂಯಿಸ್ ಪೊತೊಸೀ ರಾಜ್ಯದ ರೆಯಾಲ್ ದೆ ಕತೋರ್ಸೆ ಬೇರೆಯದೇ ಲೋಕ. ಬೆಳ್ಳಿ ಗಣಿಗಾರಿಕೆ ನಿಂತು ಪಾಳುಬಿದ್ದು, ಈಗ ಅರೆಬರೆ ಜೀವ ತುಂಬಿಕೊಂಡಿರುವ ಈ ಊರಿನ ಎತ್ತರ 2,700 ಮೀಟರಿಗೂ ಹೆಚ್ಚು. ಎರಡು ಕಿಲೋಮೀಟರಿಗೂ ಉದ್ದವಾದ, ಒಂದೇ ಸಾಲಿನ ವಾಹನ ಹೋಗುವ ಒಗಾರ್ರಿಯೋ ಸುರಂಗದ ಮೂಲಕ ಒಳಗೆ ಬರಬೇಕು. ಇಲ್ಲಿಂದ ಕುದುರೆಯೇರಿ ಹೋಗುವ ಸೆರ್ರೋ ಕೆಮಾದೋ ಬೆಟ್ಟ ವಿಶಾರಿಕಾ ಬುಡಕಟ್ಟಿನವರಿಗೆ ಪರಮ ಪವಿತ್ರ. ಅವರ ಯಾತ್ರಾಮಾರ್ಗ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಿಖರದಲ್ಲಿಟ್ಟ ಕಾಣಿಕೆಗಳನ್ನು ಮುಟ್ಟಬಾರದು. ಅಲ್ಲಿ ಬೆಳೆಯುವ, ಮತ್ತು ಬರಿಸುವ ಪೆಯೋತೆ ಕಳ್ಳಿಯನ್ನು ಯಾರಾದರೂ ಕೊಡಲು ಬಂದರೆ ಖಂಡಿತ ಬೇಡವೆನ್ನಿ, ಅದರ ಬಳಕೆಗೆ ಕಾನೂನಿನ ವಿನಾಯಿತಿ ಇರುವುದು ಮೂಲನಿವಾಸಿ ಬುಡಕಟ್ಟುಗಳ ಸಾಂಪ್ರದಾಯಿಕ ಆಚರಣೆಗೆ ಮಾತ್ರ.

ಪಳಗಿದ ಸವಾರರಿಗೆ ಬಾಹಾ ಕಲಿಫೋರ್ನಿಯಾ ಸುರ್ ರಾಜ್ಯದ ಸಿಯೆರ್ರಾ ದೆ ಸಾನ್ ಫ್ರಾನ್ಸಿಸ್ಕೋ ಇದೆ. ಅಲ್ಲಿನ ಗುಹಾಚಿತ್ರಗಳು 1993ರಿಂದ ವಿಶ್ವ ಪರಂಪರೆ. ಕಣಿವೆಯ ಆಳಕ್ಕೆ ಇಳಿಯುವ ಕಡಿದಾದ ಕಲ್ಲುದಾರಿಯಲ್ಲಿ ಕುದುರೆಗಿಂತ ಹೇಸರಗತ್ತೆಯೇ ಭರವಸೆಯ ಪ್ರಾಣಿ. ಪುರಾತತ್ವ ಸಂಸ್ಥೆಯಾದ ಇನಾಹ್‌ನ ಅನುಮತಿ ಮತ್ತು ಸ್ಥಳೀಯ ಮಾರ್ಗದರ್ಶಿ ಎರಡೂ ಕಡ್ಡಾಯ; ಏರ್ಪಾಡು ಆರಂಭವಾಗುವುದು ಸಾನ್ ಇಗ್ನಾಸಿಯೋ ಎಂಬ ಊರಿನಿಂದ.

ಮಳೆ ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಧ್ಯ ಪ್ರಸ್ಥಭೂಮಿಯಲ್ಲಿ ಅದು ಬಹುಮಟ್ಟಿಗೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬರುವುದರಿಂದ, ಬೆಳಗಿನ ಸವಾರಿಗೆ ಅಡ್ಡಿಯಿಲ್ಲ, ನೆಲವೂ ಹಸುರಾಗಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಧೂಳು, ಬಿಸಿಲು ಎರಡನ್ನೂ ತಪ್ಪಿಸಬೇಕು. ನನಗೆ ಕೇಳಿದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗಿನ ಅವಧಿ ಶ್ರೇಷ್ಠ: ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಒಣಗಿರುವುದಿಲ್ಲ. ಡಿಸೆಂಬರ್ ಮತ್ತು ಜನವರಿಯಲ್ಲಿ ಹಗಲು ಬೆಚ್ಚಗಿದ್ದರೂ ರಾತ್ರಿಯ ಚಳಿ ಕೆಲವೊಮ್ಮೆ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ, ಹಳ್ಳಿಯ ಮನೆಗಳಲ್ಲಿ ಹೀಟರ್ ಇರುವುದು ಅಪರೂಪ.

ಸುರಕ್ಷತೆಯ ವಿಷಯದಲ್ಲಿ ಇಡೀ ದೇಶವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪರಿಸ್ಥಿತಿ ರಾಜ್ಯದಿಂದ ರಾಜ್ಯಕ್ಕೆ, ಒಂದೇ ರಾಜ್ಯದೊಳಗೆ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಚಿಟ್ಟೆಗಳ ಕೆಲವು ಕಾಡುಗಳಿರುವ ಮಿಚೊಅಕಾನ್ ರಾಜ್ಯದ ಬಗ್ಗೆ ಅಮೆರಿಕ ಸರ್ಕಾರದ ಎಚ್ಚರಿಕೆ ಬಹಳ ಕಟುವಾಗಿದೆ. ಆದ್ದರಿಂದಲೇ ಹೊಸಬರಿಗೆ ವಾಯೆ ದೆ ಬ್ರಾವೋ ಕಡೆಯ ಪಿಯೆದ್ರಾ ಎರ್ರಾದಾವನ್ನು ಸೂಚಿಸುತ್ತೇನೆ. ಟಿಕೆಟ್ ಕೊಳ್ಳುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಇಂಥ ಸೂಚನೆಗಳನ್ನು ಓದಿ.

ಮೂರನೆಯ ಹೆಜ್ಜೆ: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ, ಇಲ್ಲವೇ ಅಲ್ಲಿನ ಕಾಯಂ ನಿವಾಸದ ಪರವಾನಗಿ ಇದ್ದರೆ ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಡ. ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವ ಕನ್ನಡಿಗರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು: ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದ್ದು, ಕೆಲಸದ ಅನುಮತಿಪತ್ರ ಮಾತ್ರ ಚಾಲ್ತಿಯಲ್ಲಿದ್ದರೆ ಈ ವಿನಾಯಿತಿ ದೊರೆಯುವುದಿಲ್ಲ. ನಿಲ್ದಾಣದಲ್ಲಿ ಅಧಿಕಾರಿ ಎಷ್ಟು ದಿನಗಳ ವಾಸಕ್ಕೆ ಅನುಮತಿ ಕೊಟ್ಟಿದ್ದಾರೆಂದು ಅಲ್ಲೇ ನಿಂತು ನೋಡಿಕೊಳ್ಳಿ. 180 ದಿನ ಗರಿಷ್ಠ ಮಿತಿಯೇ ಹೊರತು ಹಕ್ಕಲ್ಲ. ಬೆಂಗಳೂರಿನಿಂದ ಹೋಗುವವರು ಯುರೋಪಿನ ಮೂಲಕ ಹೋದರೆ ಆಯಾ ದೇಶದ ಟ್ರಾನ್ಸಿಟ್ ನಿಯಮವನ್ನು ಮೊದಲೇ ವಿಚಾರಿಸಬೇಕು. ಅಮೆರಿಕದ ಮೂಲಕವಾದರೆ ವಿಮಾನ ಬದಲಾಯಿಸಲು ಸಹ ಅಲ್ಲಿನ ವೀಸಾ ಬೇಕೇ ಬೇಕು.

ಪ್ರವಾಸ ವಿಮೆಯನ್ನು ಕೊಳ್ಳುವಾಗ ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯನ್ನು ಕಣ್ಣಿಟ್ಟು ಓದಿ. ಕುದುರೆ ಸವಾರಿಯನ್ನು ಸಾಹಸ ಕ್ರೀಡೆಯೆಂದು ಪರಿಗಣಿಸಿ ಹೊರಗಿಡುವ ಪಾಲಿಸಿಗಳು ಸಾಕಷ್ಟಿವೆ. ಕುದುರೆಯಿಂದ ಬಿದ್ದ ಗಾಯಕ್ಕೆ ಆಸ್ಪತ್ರೆ ವೆಚ್ಚ, ದೂರದ ಹಳ್ಳಿಯಿಂದ ಸಾಗಿಸುವ ವೆಚ್ಚ ಎರಡೂ ಸೇರಿವೆಯೇ ಎಂಬುದನ್ನು ಇ-ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಮುದ್ರಿಸಿಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕುದುರೆ ಒದಗಿಸುವವರನ್ನು ಪರೀಕ್ಷಿಸುವುದು

ಮುಂಗಡ ಹಣ ಕಳುಹಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ. ಒಬ್ಬ ಮಾರ್ಗದರ್ಶಿಗೆ ಎಷ್ಟು ಸವಾರರು? ಕುದುರೆಗಳು ಅವರ ಸ್ವಂತದವೋ, ಅಂದಂದಿನ ಬಾಡಿಗೆಯವೋ? ದಿನಕ್ಕೆ ಎಷ್ಟು ಗಂಟೆ ಅವನ್ನು ದುಡಿಸುತ್ತಾರೆ, ವಾರದಲ್ಲಿ ಎಷ್ಟು ದಿನ ಬಿಡುವು? ಹೆಲ್ಮೆಟ್ ಕೊಡುತ್ತಾರೆಯೇ? ಸವಾರರ ತೂಕಕ್ಕೆ ಮಿತಿ ಎಷ್ಟು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಅವರ ಗುಣವನ್ನು ಹೇಳಿಬಿಡುತ್ತದೆ. ಮಿತಿಯೇ ಇಲ್ಲ, ಯಾರು ಬೇಕಾದರೂ ಬನ್ನಿ ಎನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ತೂಕ, ಎತ್ತರ, ಈ ಹಿಂದಿನ ಸವಾರಿಯ ಅನುಭವವನ್ನು ಅವರೇ ಮುಂದಾಗಿ ಕೇಳಿದರೆ ಅದು ಶುಭಲಕ್ಷಣ.

ತೂಕದ ಲೆಕ್ಕ ಸರಳ. ಜೀನೂ ಸೇರಿ ಹೊರೆಯು ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಸವಾರರ ವಲಯದ ರೂಢಿಯ ನಿಯಮ. ಬೆಟ್ಟದ ದಾರಿಗೆ ಬಳಸುವ ಸ್ಥಳೀಯ ಕ್ರಿಯೋಯೋ ತಳಿಯ ಕುದುರೆಗಳು ಗಟ್ಟಿಮುಟ್ಟಾಗಿದ್ದರೂ ಆಕಾರದಲ್ಲಿ ದೊಡ್ಡವಲ್ಲ. ಕುದುರೆ 400 ಕಿಲೋ ತೂಗುವುದಾದರೆ ಅದು ಹೊರಬಹುದಾದದ್ದು 80 ಕಿಲೋ. ಮೆಕ್ಸಿಕನ್ ಜೀನು ಮರದ ಚೌಕಟ್ಟಿನ ಭಾರದ ವಸ್ತುವಾದ್ದರಿಂದ ಅದಕ್ಕೆ 15 ಕಿಲೋ ಕಳೆದರೆ ಸವಾರನಿಗೆ ಉಳಿಯುವುದು 65. ನಿಮ್ಮ ತೂಕ ಇದಕ್ಕಿಂತ ಹೆಚ್ಚಿದ್ದರೆ ಸಂಕೋಚಪಡಬೇಕಿಲ್ಲ, ಸರಿಯಾದ ತೂಕ ತಿಳಿಸಿ ದೊಡ್ಡ ಕುದುರೆ ಕೇಳಿ. ಅಲ್ಲಿ ಕ್ವಾರ್ಟರ್ ಹಾರ್ಸ್ ತಳಿಯೂ, ಆಂಡಲೂಸಿಯನ್ ಮತ್ತು ಕ್ವಾರ್ಟರ್ ಹಾರ್ಸ್ ಬೆರಕೆಯಿಂದ 1972ರಲ್ಲಿ ರೂಪಿಸತೊಡಗಿದ ಅಸ್ತೇಕಾ ತಳಿಯೂ ಸಿಗುತ್ತವೆ.

ಅಲ್ಲಿಗೆ ಹೋದ ಮೇಲೆ ಜೀನು ಬಿಗಿಯುವ ಮುನ್ನವೇ ಲಾಯಕ್ಕೆ ಹೋಗಿ ಕುದುರೆಯನ್ನು ನೋಡಿ. ಅಂಗೈಯನ್ನು ಅದರ ಬೆನ್ನಿನ ಎರಡೂ ಬದಿ, ಭುಜದ ಗೂನಿನಿಂದ ಸೊಂಟದವರೆಗೆ ಮೆಲ್ಲಗೆ ಒತ್ತಿ ಎಳೆಯಿರಿ. ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ, ಚರ್ಮ ಬಿಸಿಯಾಗಿ ಊದಿದಂತೆ ತಾಗಿದರೆ ಅಲ್ಲಿ ನೋವಿದೆ. ಬೆನ್ನ ಮೇಲೆ ದುಂಡಗಿನ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅವು ಹಳೆಯ ಜೀನು ಹುಣ್ಣಿನ ಗುರುತು. ಮಾಗಿದ್ದರೆ ತೊಂದರೆಯಿಲ್ಲ, ಹಸಿ ಇದ್ದರೆ ಆ ಕುದುರೆಯನ್ನು ಏರಬೇಡಿ. ಮುಂಗಾಲುಗಳ ಹಿಂದೆ, ಹೊಟ್ಟೆಪಟ್ಟಿ ಬರುವಲ್ಲಿ ಚರ್ಮ ಉಜ್ಜಿಹೋಗಿದೆಯೇ ನೋಡಿ. ಗೊರಸು ಬಿರುಕು ಬಿಟ್ಟಿರಬಾರದು, ಲಾಳ ಸಡಿಲವಾಗಿ ಟಕ್ ಟಕ್ ಎನ್ನಬಾರದು. ಪಕ್ಕೆಲುಬು ಬೆರಳಿಗೆ ಸಿಗಬೇಕು, ದೂರದಿಂದಲೇ ಎಣಿಸುವಂತಿರಬಾರದು. ಇಷ್ಟಕ್ಕೆ ಐದು ನಿಮಿಷ ಸಾಕು. ನೀವು ಹೀಗೆ ನೋಡುವುದನ್ನು ಕಂಡ ಮಾರ್ಗದರ್ಶಿ ನಿಮಗೆ ಒಳ್ಳೆಯ ಕುದುರೆಯನ್ನೇ ಕೊಡುತ್ತಾನೆ ಎಂಬುದು ಇದರಿಂದ ಆಗುವ ಇನ್ನೊಂದು ಲಾಭ.

ಐದನೆಯ ಹೆಜ್ಜೆ: ದೇಹ ಮತ್ತು ಅಭ್ಯಾಸ

ಎರಡು ಮೂರು ತಿಂಗಳು ಮುಂಚಿತವಾಗಿ ಒಳತೊಡೆ, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಕೊಡಿ. ಮೆಟ್ಟಿಲು ಹತ್ತುವುದು, ಬಸ್ಕಿ, ಮಲಾಸನ, ಬದ್ಧಕೋನಾಸನ ಇಷ್ಟು ಮಾಡಿದರೂ ಬಹಳ ಅನುಕೂಲ. ಬೆಂಗಳೂರಿನ ಆಸುಪಾಸಿನಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. ಅಲ್ಲಿ ಹತ್ತು ತರಗತಿಗಳಾದರೂ ಮುಗಿಸಿ ಹೋಗುವುದು ಒಳಿತು. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮ ಶಾಲೆಗಳು ಕಲಿಸುವುದು ಹೆಚ್ಚಾಗಿ ಇಂಗ್ಲಿಷ್ ಪದ್ಧತಿ: ತೆಳುವಾದ ಜೀನು, ಎರಡೂ ಕೈಯಲ್ಲಿ ಲಗಾಮು, ಬಾಯಿಗೆ ಸದಾ ಹದವಾದ ಸಂಪರ್ಕ. ಮೆಕ್ಸಿಕೋದಲ್ಲಿ ಲಗಾಮು ಒಂದೇ ಕೈಯಲ್ಲಿ, ಸಡಿಲವಾಗಿ ಇರುತ್ತದೆ. ಕುತ್ತಿಗೆಯ ಬಲಬದಿಗೆ ಲಗಾಮು ತಾಗಿದರೆ ಕುದುರೆ ಎಡಕ್ಕೆ ತಿರುಗುತ್ತದೆ, ಎಡಬದಿಗೆ ತಾಗಿದರೆ ಬಲಕ್ಕೆ. ಅಲ್ಲಿ ಬಳಸುವ ಕಡಿವಾಣಗಳು ತೀಕ್ಷ್ಣವಾದವು. ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರೆ ಪಾಪದ ಪ್ರಾಣಿ ನೋವಿನಿಂದ ತಲೆ ಎತ್ತಿ ಹಿಂದೆ ಸರಿಯುತ್ತದೆ, ಸವಾರ ಹೆದರಿ ಇನ್ನಷ್ಟು ಎಳೆಯುತ್ತಾನೆ. ಬಹಳಷ್ಟು ಅವಘಡಗಳ ಮೂಲ ಇಷ್ಟೇ.

ಧನುರ್ವಾಯು ಲಸಿಕೆ ಚಾಲ್ತಿಯಲ್ಲಿರಲಿ. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಬೆನ್ನುಮೂಳೆಯ ತೊಂದರೆ ಇರುವವರು, ಗರ್ಭಿಣಿಯರು ಈ ರಜೆಯನ್ನು ಮುಂದೂಡಬೇಕು.

ಆರನೆಯ ಹೆಜ್ಜೆ: ಸಾಮಾನು

ಹೆಲ್ಮೆಟ್ ನಿಮ್ಮದೇ ಇರಲಿ. ಮೆಕ್ಸಿಕೋದ ಹಳ್ಳಿಗಳಲ್ಲಿ ಸವಾರರು ಸೊಂಬ್ರೆರೋ ಎಂಬ ಅಗಲ ಅಂಚಿನ ಟೋಪಿ ಧರಿಸುತ್ತಾರೆಯೇ ಹೊರತು ಹೆಲ್ಮೆಟ್ ಅಲ್ಲ. ಕೇಳಿದರೆ ಕೊಡುವ ಹೆಲ್ಮೆಟ್ ಕೆಲವೊಮ್ಮೆ ಸೈಕಲ್ಲಿನದಾಗಿರುತ್ತದೆ. ಕುದುರೆ ಸವಾರಿಗೆಂದೇ ಪರೀಕ್ಷೆಯಾದ ಹೆಲ್ಮೆಟ್ ತಲೆಯ ಹಿಂಭಾಗವನ್ನು ಇನ್ನಷ್ಟು ಕೆಳಗಿನವರೆಗೆ ಕಾಪಾಡುತ್ತದೆ. ಅದರ ಮೇಲೆ ಸಿಕ್ಕಿಸುವ ಅಗಲ ಅಂಚಿನ ಬಟ್ಟೆಯೂ ಸಿಗುತ್ತದೆ, ಎತ್ತರದ ಬಿಸಿಲಿಗೆ ಅದು ಅತ್ಯಗತ್ಯ.

ಬೂಟಿಗೆ ಒಂದೂವರೆ ಎರಡು ಸೆಂಟಿಮೀಟರ್ ಹಿಮ್ಮಡಿ ಇರಬೇಕು, ತಳ ನುಣುಪಾಗಿರಬೇಕು. ಆಗಲೇ ಪಾದವು ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಾದ ರಿಕಾಪಿನೊಳಗೆ ಪೂರ್ತಿ ತೂರಿಕೊಳ್ಳದೆ, ಬಿದ್ದಾಗ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಟ್ರೆಕ್ಕಿಂಗ್ ಬೂಟುಗಳ ದಪ್ಪ ಹಲ್ಲಿನ ತಳ ಇದಕ್ಕೆ ಒಗ್ಗುವುದಿಲ್ಲ. ಜೀನ್ಸ್‌ನ ಒಳಹೊಲಿಗೆ ಮೊಣಕಾಲಿನ ಹತ್ತಿರ ಚರ್ಮ ಸುಲಿಯುತ್ತದೆ. ಸವಾರಿಯ ಪ್ಯಾಂಟ್ ಇಲ್ಲದಿದ್ದರೆ ಒಳಗೆ ಸೈಕಲ್ ಸವಾರರ ಚಡ್ಡಿ ಧರಿಸಿ. ಉದ್ದ ತೋಳಿನ ಹತ್ತಿಯ ಅಂಗಿ, ಬಿಗಿಯಾದ ಒಳ ಉಡುಪು, ಕುತ್ತಿಗೆಗೆ ಒಂದು ಕರವಸ್ತ್ರ, ಮಳೆಗಾಲದಲ್ಲಿ ಸದ್ದು ಮಾಡದ ಮಳೆಕೋಟು ಬೇಕು. ಸರಸರ ಎನ್ನುವ ಪ್ಲಾಸ್ಟಿಕ್ ಕೋಟನ್ನು ಕುದುರೆಯ ಮೇಲೆ ಕುಳಿತು ಬಿಚ್ಚಲು ಹೋದರೆ ಅದು ಬೆದರುವುದು ಖಚಿತ. ವ್ಯಾಸಲೀನ್, ಓಆರ್‌ಎಸ್ ಪುಡಿ, ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್ ಮರೆಯಬೇಡಿ. ಅಲ್ಲಿನ ವಿದ್ಯುತ್ 127 ವೋಲ್ಟ್. ಎಲ್ಲವನ್ನೂ ಮೆತ್ತನೆಯ ಚೀಲದಲ್ಲಿ ತುಂಬಿ, ಚಕ್ರದ ಪೆಟ್ಟಿಗೆಯನ್ನು ಮನೆಯಲ್ಲೇ ಬಿಡಿ.

ಏಳನೆಯ ಹೆಜ್ಜೆ: ತಲುಪಿದ ಮೊದಲ ಎರಡು ದಿನ

ಮೆಕ್ಸಿಕೋ ಸಿಟಿ 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಹೆಚ್ಚು. ಜೊತೆಗೆ ಭಾರತದ ಗಡಿಯಾರಕ್ಕೂ ಅಲ್ಲಿಗೂ ಹನ್ನೊಂದೂವರೆ ಗಂಟೆಯ ಅಂತರ. ಆದ್ದರಿಂದ ಇಳಿದ ಮರುದಿನವೇ ಕುದುರೆ ಏರಬೇಡಿ. ಎರಡು ರಾತ್ರಿ ನಿದ್ದೆ ಮಾಡಿ, ನೀರು ಹೆಚ್ಚು ಕುಡಿದು, ಮೆಸ್ಕಾಲ್ ಮತ್ತು ಪುಲ್ಕೆ ಎಂಬ ಅಲ್ಲಿನ ಮದ್ಯಗಳ ರುಚಿಯನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ. ನಲ್ಲಿಯ ನೀರು ಕುಡಿಯಬಾರದು. ಪ್ರತಿ ಮನೆಯಲ್ಲೂ ಗರಾಫೋನ್ ಎಂಬ 20 ಲೀಟರಿನ ಕ್ಯಾನ್ ಇರುತ್ತದೆ. ರಾಂಚೋಗೆ ಕತ್ತಲಾಗುವ ಮುನ್ನ ತಲುಪುವಂತೆ ಬಸ್ ಅಥವಾ ಕಾರು ಗೊತ್ತುಮಾಡಿ. ಹಳ್ಳಿ ರಸ್ತೆಗಳಲ್ಲಿ ಸೂಚನೆಯಿಲ್ಲದ ಹಂಪ್‌ಗಳು, ಅಡ್ಡಾಡುವ ದನಗಳು ರಾತ್ರಿ ಪ್ರಯಾಣವನ್ನು ಅಪಾಯಕಾರಿಯಾಗಿಸುತ್ತವೆ.

ಎಂಟನೆಯ ಹೆಜ್ಜೆ: ಜೀನೇರುವುದು

ಕುದುರೆಯ ಎಡಬದಿಯಿಂದ, ಅದರ ಭುಜದ ಕಡೆಯಿಂದ, ಮಾತಾಡಿಸುತ್ತಾ ಹತ್ತಿರ ಹೋಗಿ. ಹಿಂಗಾಲಿನ ಹಿಂದೆ ಹಾಯಬೇಡಿ. ರಿಕಾಪಿನ ಉದ್ದವನ್ನು ಏರುವ ಮುನ್ನವೇ ಅಂದಾಜು ಮಾಡಬಹುದು: ಬೆರಳ ತುದಿಯನ್ನು ಜೀನಿನಲ್ಲಿ ರಿಕಾಪಿನ ಪಟ್ಟಿ ಹೊರಡುವ ಕಡೆ ಇಟ್ಟು, ಪಟ್ಟಿಯನ್ನು ತೋಳಿನುದ್ದಕ್ಕೆ ಎಳೆದರೆ ರಿಕಾಪು ಕಂಕುಳಿಗೆ ತಾಗಬೇಕು. ಗಿಡ್ಡವೆನಿಸಿದರೆ "ಮಾಸ್ ಲಾರ್ಗೋ", ಉದ್ದವೆನಿಸಿದರೆ "ಮಾಸ್ ಕೋರ್ತೋ" ಎನ್ನಿ. ಲಗಾಮನ್ನು ಎಡಗೈಯಲ್ಲಿ ಹಿಡಿದು, ಆ ಕೈಯಲ್ಲೇ ಒಂದಿಷ್ಟು ಜೂಲನ್ನೂ ಹಿಡಿದುಕೊಂಡು ಏರಿ. ಕೂರುವಾಗ ದೊಪ್ಪನೆ ಬೀಳದೆ ಮೆಲ್ಲಗೆ ಇಳಿಯಿರಿ. ಕುದುರೆಗಳು ಪಟ್ಟಿ ಬಿಗಿಯುವಾಗ ಉಸಿರು ತುಂಬಿ ಹೊಟ್ಟೆ ಉಬ್ಬಿಸುವ ಚಾಲಾಕಿಗಳು. ಆದ್ದರಿಂದ ಹತ್ತು ನಿಮಿಷ ನಡೆದ ಮೇಲೆ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿಸಲೇಬೇಕು.

ರಿಕಾಪಿನ ಮೇಲೆ ಪಾದದ ಮುಂಭಾಗ ಮಾತ್ರ ಇರಲಿ, ಹಿಮ್ಮಡಿ ಕೆಳಗೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿದ್ದರೆ ಕೂತದ್ದು ಸರಿ. ಮೆಕ್ಸಿಕನ್ ಜೀನಿನ ಮುಂದೆ ಅಗಲವಾದ ಮರದ ಗುಬುಟು ಇರುತ್ತದೆ. ದನ ಹಿಡಿಯುವ ಹಗ್ಗ ಸುತ್ತಲು ಇರುವ ಅದನ್ನು ಹೊಸಬರು ಆಸರೆಗೆ ಹಿಡಿಯುತ್ತಾರೆ. ಹೆದರಿದಾಗ ಒಂದು ಕ್ಷಣ ಹಿಡಿದರೆ ಅವಮಾನವೇನಿಲ್ಲ. ಏರುದಾರಿಯಲ್ಲಿ ಮಾತ್ರ ಮುಂದಕ್ಕೆ ಬಾಗಿ ಜೂಲನ್ನೇ ಹಿಡಿಯಿರಿ, ಗುಬುಟು ಹೊಟ್ಟೆಗೆ ಗುದ್ದದಂತೆ ನೋಡಿಕೊಳ್ಳಿ. ಇಳಿಜಾರಿನಲ್ಲಿ ನೆಟ್ಟಗೆ ಕುಳಿತು, ಲಗಾಮನ್ನು ಸಡಿಲಬಿಟ್ಟು, ಕುದುರೆ ತಲೆ ತಗ್ಗಿಸಿ ದಾರಿ ನೋಡಿಕೊಳ್ಳಲು ಬಿಡಬೇಕು. ಆ ಕಲ್ಲುಗಳನ್ನು ಅದು ನಿಮಗಿಂತ ಚೆನ್ನಾಗಿ ಬಲ್ಲದು.

ಸಾಲಿನಲ್ಲಿ ಹೋಗುವಾಗ ಮುಂದಿನ ಕುದುರೆಯ ಹಿಂಗಾಲ ಗೊರಸುಗಳು ನಿಮ್ಮ ಕುದುರೆಯ ಎರಡು ಕಿವಿಗಳ ನಡುವೆ ಕಾಣುವಷ್ಟು ಅಂತರವಿರಲಿ. ಕುದುರೆ ವೇಗ ಹಿಡಿದು ನಿಲ್ಲದಿದ್ದರೆ ಎರಡೂ ಬದಿ ಒಟ್ಟಿಗೆ ಎಳೆದು ಪ್ರಯೋಜನವಿಲ್ಲ. ಒಂದು ಬದಿಯ ಲಗಾಮನ್ನು ಹಂತಹಂತವಾಗಿ ಮೊಣಕಾಲಿನ ಕಡೆ ಎಳೆದು, ಕುದುರೆಯನ್ನು ಸುತ್ತು ತಿರುಗಿಸಿದರೆ ಅದು ನಿಧಾನವಾಗುತ್ತದೆ. ಇಕ್ಕಟ್ಟಾದ ಬೆಟ್ಟದ ಅಂಚಿನಲ್ಲಿ ಇದನ್ನು ಮಾಡಬಾರದು. ಮಾರ್ಗದರ್ಶಿಗೆ ನಿಧಾನಿಸಲು "ಮಾಸ್ ದೆಸ್ಪಾಸಿಯೋ, ಪೋರ್ ಫಾವೋರ್" ಎಂದು ಹೇಳಲು ನಾಚಬೇಡಿ. ನಾಗಾಲೋಟದ ಆಸೆಯನ್ನು ಮೂರನೆಯ ದಿನದವರೆಗೆ ಅದುಮಿಟ್ಟುಕೊಳ್ಳಿ, ಅದೂ ಮೆತ್ತನೆಯ ನೆಲದ ಏರಿನಲ್ಲಿ, ಲಾಯಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿ. ಮನೆಯ ಕಡೆ ಮುಖ ಮಾಡಿದ ಕುದುರೆಗೆ ಮೇವಿನ ನೆನಪು ಬಂದರೆ ಲಗಾಮು ಲೆಕ್ಕಕ್ಕಿಲ್ಲ.

ಬಿದ್ದರೆ ಲಗಾಮು ಬಿಟ್ಟುಬಿಡಿ, ಎದ್ದು ನಿಲ್ಲಲು ಆತುರಪಡಬೇಡಿ. ತುರ್ತು ಕರೆಗೆ 911, ಹೆದ್ದಾರಿಯಲ್ಲಿ ಪ್ರವಾಸಿಗರ ನೆರವಿಗೆ 078. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರದು. ಮಾರ್ಗದರ್ಶಿಯ ಬಳಿ ಏನು ಏರ್ಪಾಡಿದೆ ಎಂದು ಹೊರಡುವ ಮುನ್ನವೇ ಕೇಳಿ. ಈ ಸೀಮೆಗಳಲ್ಲಿ ಚೇಳು ಸಾಮಾನ್ಯ. ಬೆಳಗ್ಗೆ ಬೂಟನ್ನು ತಲೆಕೆಳಗು ಮಾಡಿ ನೆಲಕ್ಕೆ ಎರಡು ಸಲ ಕುಟ್ಟಿಯೇ ಕಾಲು ತೂರಿಸಬೇಕು. ಕುಟುಕಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋದರೆ ವಿಷಕ್ಕೆ ತಕ್ಕ ಚುಚ್ಚುಮದ್ದು ದೊರೆಯುತ್ತದೆ.

ಒಂಬತ್ತನೆಯ ಹೆಜ್ಜೆ: ಊಟ, ನಡವಳಿಕೆ, ಹಣ

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ, ಆದರೆ ಪ್ರಶ್ನೆ ಕೇಳುವುದನ್ನು ಕಲಿಯಬೇಕು. ಮಾಂಸ ಬೇಡ ಎಂಬರ್ಥದ "ಸಿನ್ ಕಾರ್ನೆ" ಎಂದಷ್ಟೇ ಹೇಳಿದರೆ ಕೋಳಿಯೋ ಹ್ಯಾಮೋ ತಟ್ಟೆಗೆ ಬರಬಹುದು. ಅವನ್ನೂ ಹೆಸರಿಸಿ ಬೇಡವೆನ್ನಿ. ಅರೆದು ಹುರಿದ ಹುರುಳಿಕಾಯಿ ಬೀಜದ ಪಲ್ಯದಲ್ಲಿ ಹಂದಿಯ ಕೊಬ್ಬಾದ ಮಂತೇಕಾ, ಕೆಂಪು ಅನ್ನದಲ್ಲಿ ಕೋಳಿ ಸಾರು ಇರುವುದು ಮಾಮೂಲು. ಮಡಕೆಯಲ್ಲಿ ಬರೀ ಬೇಯಿಸಿದ ಕಾಳನ್ನು "ಫ್ರಿಹೋಲೆಸ್ ದೆ ಓಯಾ" ಎಂದು ಕೇಳಿ, ಅದರಲ್ಲೂ ಮಂತೇಕಾ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಾವಲಿಯ ಮೇಲೆ ಆಗಷ್ಟೇ ಬೆಂದ ಮೆಕ್ಕೆಜೋಳದ ತೋರ್ತಿಯಾ ರೊಟ್ಟಿ, ಕುಂಬಳ ಹೂವು ತುಂಬಿ ಮಡಚಿದ ಕೆಸದೀಯಾ, ಮುಳ್ಳು ತೆಗೆದು ಸುಟ್ಟ ನೋಪಾಲ್ ಕಳ್ಳಿ, ಹಸಿಮೆಣಸಿನ ಸಾಲ್ಸಾ: ಉತ್ತರ ಕರ್ನಾಟಕದ ರೊಟ್ಟಿ ಖಾರ ಉಂಡವರಿಗೆ ಈ ಊಟ ಅಪರಿಚಿತವೆನಿಸದು. ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಹಾಗಾಗಿ ಜೇಬಿನಲ್ಲಿ ಕಡಲೆಬೀಜ ಇರಲಿ.

ಎದುರಾದ ಪ್ರತಿಯೊಬ್ಬರಿಗೂ "ಬುಯೆನೋಸ್ ದೀಯಾಸ್" ಅಥವಾ ಮಧ್ಯಾಹ್ನದ ಮೇಲೆ "ಬುಯೆನಾಸ್ ತಾರ್ದೆಸ್" ಹೇಳುವುದು ಹಳ್ಳಿಯ ಮರ್ಯಾದೆ. ಊಟ ಮಾಡುತ್ತಿರುವವರ ಪಕ್ಕ ಹಾದರೆ "ಪ್ರೊವೇಚೋ" ಎನ್ನುತ್ತಾರೆ. ವಯಸ್ಸಾದ ಮಾರ್ಗದರ್ಶಿಯನ್ನು ಹೆಸರಿಗೆ ಮೊದಲು "ದೋನ್" ಸೇರಿಸಿ ಕರೆಯಿರಿ. ತೆರೆದ ಗೇಟನ್ನು ತೆರೆದೇ, ಮುಚ್ಚಿದ್ದನ್ನು ಮುಚ್ಚಿಯೇ ಬಿಡಿ. ಜನರ ಫೋಟೋ ತೆಗೆಯುವ ಮುನ್ನ ಕೇಳಿ. ಭಾನುವಾರ ಹತ್ತಿರದಲ್ಲಿ ಚಾರ್ರೇರಿಯಾ ಎಂಬ, ಸವಾರಿ ಮತ್ತು ದನ ಹಿಡಿಯುವ ವಿದ್ಯೆಯ ಪಂದ್ಯವಿದ್ದರೆ ಆಹ್ವಾನ ಬರಬಹುದು. 2016ರಲ್ಲಿ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿ ಸೇರಿದ ಈ ಕಲೆಯಲ್ಲಿ ಸವಾರರ ಕೌಶಲ ಬೆರಗು ಹುಟ್ಟಿಸುತ್ತದೆ. ಹೋರಿಯನ್ನು ಬಾಲ ಹಿಡಿದು ಕೆಡಹುವ ಸ್ಪರ್ಧೆಯನ್ನು ನೋಡಲು ಮಾತ್ರ ಎಲ್ಲರಿಗೂ ಮನಸ್ಸು ಬಾರದು, ಅಂಥವರು ಆ ಹೊತ್ತಿಗೆ ಎದ್ದು ಹೊರಗೆ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಳ್ಳಿಗಳಲ್ಲಿ ಕಾರ್ಡ್ ನಡೆಯದು, ಎಟಿಎಂ ಸಿಗದು, ದೊಡ್ಡ ನೋಟಿಗೆ ಚಿಲ್ಲರೆಯೂ ಇರದು. ಪಟ್ಟಣದಲ್ಲೇ 50, 100, 200 ಪೆಸೋ ನೋಟುಗಳನ್ನು ಕೂಡಿಸಿಕೊಳ್ಳಿ. ಪ್ರೊಪೀನಾ ಎಂಬ ಭಕ್ಷೀಸು ಸವಾರಿಯ ದರದ ಶೇಕಡಾ 10ರಿಂದ 15ರಷ್ಟು ಇದ್ದರೆ ಸರಿ. ಅದನ್ನು ಕಚೇರಿಯಲ್ಲಿ ಕೊಡದೆ, ಮಾರ್ಗದರ್ಶಿಗೂ ಬೆಳಗಿನ ಜಾವ ಎದ್ದು ಜೀನು ಬಿಗಿದ ಲಾಯದ ಹುಡುಗನಿಗೂ ಬೇರೆ ಬೇರೆಯಾಗಿ, ಅವರವರ ಕೈಗೇ ಕೊಡಿ. ಕೊನೆಯ ಸವಾರಿಗೂ ಮರಳುವ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡುವಿರಲಿ. ತೊಡೆ ಬಿಗಿದುಕೊಂಡಿರುವಾಗ ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣಕ್ಕೆ ಕೂರುವುದು ಕಷ್ಟ, ಮಣ್ಣು ಸಗಣಿ ಮೆತ್ತಿದ ಬೂಟುಗಳನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕಲೂ ಆ ದಿನ ಬೇಕಾಗುತ್ತದೆ.